ಹೊಳೆಗೆ ಅದರ ಹಾದಿ ಬಿಡಿ: ಗೋಕಾಕದ ಗುಡ್ಡ, ಘಟಪ್ರಭೆ ಮತ್ತು ನಮ್ಮ ಮರೆವು

ಮಳೆಗಾಲ ಬಂತೆಂದರೆ ಗೋಕಾಕಕ್ಕೆ ಎರಡು ಬಗೆಯ ಜನ ಬರುತ್ತಾರೆ. ಕೆಲವರು ಜಲಪಾತ ನೋಡಲು ಬರುತ್ತಾರೆ. ಇನ್ನು ಕೆಲವರು ನೆರೆ ನೋಡಲು ಬರುತ್ತಾರೆ. ಮೊದಲಿನವರ ಕೈಯಲ್ಲಿ ಕ್ಯಾಮೆರಾ, ಎರಡನೆಯವರ ಕೈಯಲ್ಲಿ ಪರಿಹಾರದ ಪಟ್ಟಿ. ಇಬ್ಬರೂ ನೋಡುವುದು ಒಂದೇ ನೀರು. ಬೆಳಿಗ್ಗೆ ಬಂಡೆಯಿಂದ ಧುಮುಕಿ ಕಣ್ಣಿಗೆ ಹಬ್ಬವಾದ ಘಟಪ್ರಭೆಯೇ ಸಂಜೆಯ ಹೊತ್ತಿಗೆ ಪೇಟೆಯ ಓಣಿಗಳನ್ನು ಹೊಕ್ಕು, ಮರುದಿನ ನಮ್ಮ ಹೊಳೆಸಾಲಿನ ಊರುಗಳ ಹೊಲಗಳನ್ನು ಮುಚ್ಚುತ್ತಾಳೆ. ಆದರೆ ಈ ಎರಡೂ ನೋಟಗಳನ್ನು ಒಟ್ಟಿಗೆ ಇಟ್ಟು ಯೋಚಿಸುವ ವ್ಯವಧಾನ ಯಾರಿಗೂ ಇಲ್ಲ. ಜಲಪಾತವನ್ನು ಪ್ರವಾಸೋದ್ಯಮದವರು ನೋಡಿಕೊಳ್ಳುತ್ತಾರೆ, ನೆರೆಯನ್ನು ಕಂದಾಯದವರು, ಕಾಲುವೆಯನ್ನು ನೀರಾವರಿಯವರು, ಗುಡ್ಡವನ್ನು ಅರಣ್ಯದವರು. ಹೊಳೆಯನ್ನು ಹೊಳೆಯೆಂದು ನೋಡುವವರು ಯಾರು?

ರಾಜ್ಯದ ಬಹುಪಾಲು ಜನರಿಗೆ ‘ಗೋಕಾಕ’ ಎಂದೊಡನೆ ನೆನಪಾಗುವುದು 1980ರ ದಶಕದ ಆರಂಭದ ಭಾಷಾ ಚಳವಳಿ. ಅದು ವಿನಾಯಕ ಕೃಷ್ಣ ಗೋಕಾಕರ ವರದಿಯ ಹೆಸರಿನಿಂದ ಬಂದ ಚಳವಳಿ. ಈ ಊರಿನಲ್ಲಿ ಹುಟ್ಟಿದ್ದಲ್ಲ. ಕನ್ನಡದ ನುಡಿಗಾಗಿ ಅಂದು ನಾಡೇ ಬೀದಿಗಿಳಿಯಿತು. ಅದೇ ಹೆಸರಿನ ಊರಿನ ನೆಲ ಮತ್ತು ನೀರಿಗಾಗಿ ಇಂದು ನಾವು ನಾಲ್ಕು ಜನ ಸೇರಿದರೂ ಹೆಚ್ಚು ಎಂಬ ಸ್ಥಿತಿಯಿದೆ. ಈ ಲೇಖನದ ಉದ್ದೇಶ ಆ ಮೌನವನ್ನು ಪ್ರಶ್ನಿಸುವುದು.

ಕಲ್ಲಿನಲ್ಲಿ ಉಳಿದ ಚರಿತ್ರೆ

ಗೋಕಾಕದ ಗುಡ್ಡಗಳನ್ನು ‘ಬರಡು ಗುಡ್ಡ’ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಈ ಮಾತು ಅಜ್ಞಾನದಿಂದ ಬಂದದ್ದು. ಪಶ್ಚಿಮಕ್ಕೆ ಹೋದಂತೆ ಕಾಣುವ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದಿಂದಾದದ್ದು. ನಮ್ಮ ಕೆಂಪು ಮರಳುಗಲ್ಲಾದರೋ ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹವೆಂದು ಕರೆಯುವ ಈ ಕಲ್ಲು, ಭೂಮಿಯ ಮೇಲೆ ಪ್ರಾಣಿಗಳೇ ಇಲ್ಲದಿದ್ದ ಕಾಲದಲ್ಲಿ, ಆಳವಿಲ್ಲದ ನೀರಿನ ತಳದಲ್ಲಿ ಪದರಪದರವಾಗಿ ಕೂತ ಮರಳು. ಇಂಥ ಬಂಡೆಗಳ ಮೇಲೆ ಅಲ್ಲಲ್ಲಿ ಆ ಪ್ರಾಚೀನ ನೀರಿನ ಅಲೆಗಳ ಗೆರೆಗಳು ಇಂದಿಗೂ ಕಾಣುತ್ತವೆ. ಜಲ್ಲಿ ಮಾಡಲು ಒಡೆಯುವ ಮುನ್ನ ಒಮ್ಮೆ ಬಗ್ಗಿ ನೋಡಿದರೆ ಸಾಕು.

ಮರಳುಗಲ್ಲಿನ ಗುಡ್ಡ ಮಳೆಯನ್ನು ತನ್ನ ಬಿರುಕುಗಳಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಯೋಗಿಕೊಳ್ಳದಂಥ ಕೊಳ್ಳಗಳಲ್ಲಿ ಹಸಿರು ಉಳಿದಿರುವುದು, ಅಲ್ಲಿ ಮಲ್ಲಿಕಾರ್ಜುನನ ಸನ್ನಿಧಿಗೆ ಜನ ಹೋಗುವುದು ಈ ಗುಣದಿಂದಲೇ. ಗುಡ್ಡದ ಮೇಲೆ ಮುತ್ತಲ, ದಿಂಡಲ, ಬಾರಿ, ಕವಳಿ, ಜಾಲಿಯ ಹೊದಿಕೆ ಇದ್ದಾಗ ಹಳ್ಳದ ನೀರು ತಡವಾಗಿ ಬಂದು ತಡವಾಗಿ ನಿಲ್ಲುತ್ತದೆ. ಹೊದಿಕೆ ಹೋದರೆ ಬಿದ್ದ ಮಳೆ ಗಳಿಗೆಯೊಳಗೆ ಮಣ್ಣು ಹೊತ್ತು ಕೆಳಗಿಳಿಯುತ್ತದೆ. ಊರಿಗೆ ಹೆಸರು ತಂದ ಕರದಂಟಿನ ‘ಅಂಟು’ ಗಿಡದಿಂದ ಬಂದದ್ದು. ಗೋಕಾಕದ ಬಣ್ಣದ ಆಟಿಕೆಗಳ ಕಟ್ಟಿಗೆಯೂ ಗಿಡದಿಂದಲೇ ಬಂದದ್ದು. ಗಿಡವಿಲ್ಲದ ಗೋಕಾಕಕ್ಕೆ ಅದರ ಸಿಹಿಯೂ ಇಲ್ಲ, ಆಟಿಕೆಯೂ ಇಲ್ಲ ಎಂಬುದನ್ನು ಕರದಂಟಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತುವವರು ನೆನೆಯಬೇಕು.

ಈ ನೆಲದಲ್ಲಿ ಮನುಷ್ಯನ ವಾಸವೂ ಹಳೆಯದು. ಕೊಣ್ಣೂರಿನ ಬಳಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಗೋಕಾಕದ ತಾಮ್ರಶಾಸನವೆಂದು ವಿದ್ವಾಂಸರಿಗೆ ಪರಿಚಿತವಾದ ದೆಜ್ಜ ಮಹಾರಾಜನ ಕಾಲದ ದಾನಪತ್ರ, ಸೇಂದ್ರಕ ಮನೆತನದ ಅರಸನೊಬ್ಬ ಆರ್ಯನಂದಿ ಎಂಬ ಜೈನ ಆಚಾರ್ಯನಿಗೆ ಭೂಮಿ ಕೊಟ್ಟದ್ದನ್ನು ಹೇಳುತ್ತದೆ. ಜಲಪಾತದ ಎರಡೂ ದಡಗಳಲ್ಲಿ ಚಾಲುಕ್ಯರ ಕಾಲದ ಶೈಲಿಯ ಗುಡಿಗಳಿವೆ. ಮಹಾಲಿಂಗೇಶ್ವರನ ಗುಡಿ ಅವುಗಳಲ್ಲಿ ಮುಖ್ಯವಾದದ್ದು. ಆ ಶಿಲ್ಪಿಗಳು ಹೊಳೆಗೆ ಹೆದರಿ ದೂರ ಓಡಲಿಲ್ಲ, ಹೊಳೆಯ ಒಡಲಿನಲ್ಲಿಯೂ ಕಟ್ಟಲಿಲ್ಲ. ಗಟ್ಟಿ ಬಂಡೆಯನ್ನು ಹುಡುಕಿ ಅದರ ಮೇಲೆ ನಿಂತರು. ಶತಮಾನಗಳ ಮಳೆಗಾಲಗಳ ಬಳಿಕವೂ ಆ ಗುಡಿಗಳು ನಿಂತಿವೆ. ನಾವು ಮೊನ್ನೆ ಮೊನ್ನೆ ಕಟ್ಟಿದ ಬಡಾವಣೆಗಳು ಒಂದು ನೆರೆಗೆ ಕುಸಿಯುತ್ತವೆ.

ನೀರು ಸರಕಾದ ಕಥೆ

ಘಟಪ್ರಭೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿ 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ದಾರಿಯಲ್ಲಿ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಅವಳನ್ನು ಕೂಡುತ್ತವೆ. ಗೋಕಾಕದ ಬಳಿ ಅವಳು ಸುಮಾರು 52 ಮೀಟರ್ ಎತ್ತರದಿಂದ ಕುದುರೆಲಾಳದ ಆಕಾರದ ಕಣಿವೆಗೆ ಧುಮುಕುತ್ತಾಳೆ. ಈ ಧುಮುಕನ್ನು ಕಂಡವರು ಮೊದಲು ಕೈಮುಗಿದರು. ಆಮೇಲೆ ಬಂದವರು ಲೆಕ್ಕ ಹಾಕಿದರು. 1885ರಲ್ಲಿ ಇಲ್ಲಿಯ ನೀರಿನ ಬಲಕ್ಕಾಗಿ ಕಂಪನಿ ಸ್ಥಾಪನೆಯಾಯಿತು. 1887ರಲ್ಲಿ ಅದೇ ಬಲದಿಂದ ಹತ್ತಿಯ ಗಿರಣಿ ತಿರುಗಿತು. ಕಂದಕದ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಬಂತು. 19ನೆಯ ಶತಮಾನ ಮುಗಿಯುವುದರೊಳಗೆ ಮೇಲ್ಗಡೆ ಧೂಪದಾಳದಲ್ಲಿ ಒಡ್ಡು ಎದ್ದು, ಕಾಲುವೆಗೆ ನೀರು ತಿರುಗಿತು. 1977ರ ಹೊತ್ತಿಗೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ ಪೂರ್ಣಗೊಂಡಿತು.

ಇವೆಲ್ಲ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ಗಿರಣಿ ಸಾವಿರಾರು ಮನೆಗಳ ಒಲೆ ಉರಿಸಿತು. ಕಾಲುವೆ ಬರಗಾಲದ ನೆಲಕ್ಕೆ ಅನ್ನ ಕೊಟ್ಟಿತು. ಧೂಪದಾಳದ ಒಡ್ಡಿನ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ದೂರದ ಶೀತದೇಶಗಳಿಂದ ಕೊಕ್ಕರೆಗಳು ಬರತೊಡಗಿದವು. 1974ರಲ್ಲಿ ಸುಮಾರು 29.78 ಚದರ ಕಿಲೋಮೀಟರ್ ಪ್ರದೇಶ ಘಟಪ್ರಭಾ ಪಕ್ಷಿಧಾಮವೆಂದು ಘೋಷಿತವಾಯಿತು. 1929ರಲ್ಲಿ ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದಾಗ, ರೋಗಿಗಳು ಚೇತರಿಸಿಕೊಳ್ಳಲು ಬಂದದ್ದು ಈ ಹೊಳೆಯ ಗಾಳಿಗೆ. ಮನುಷ್ಯನ ಕೈ ಬಿದ್ದಲ್ಲೆಲ್ಲ ನಿಸರ್ಗ ನಾಶವಾಗುತ್ತದೆ ಎಂಬುದು ಸುಳ್ಳು. ಪಕ್ಷಿಧಾಮವೇ ಅದಕ್ಕೆ ಸಾಕ್ಷಿ.

ಅನ್ಯಾಯವಿರುವುದು ಬೇರೆಡೆ. ಪ್ರತಿಯೊಂದು ಕಾಲವೂ ಹೊಳೆಯಿಂದ ತನಗೆ ಬೇಕಾದ ಒಂದು ತುಂಡನ್ನು ಕತ್ತರಿಸಿಕೊಂಡಿತು. ಉಳಿದದ್ದಕ್ಕೆ ಯಾರೂ ಹೊಣೆಯಾಗಲಿಲ್ಲ. ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುತ್ತದೆ. ಜನ ಹೋಗಿ ಫೋಟೋ ತೆಗೆದು ಬರುತ್ತಾರೆ. ಆ ನೀರಿಗಾಗಿ ಎದ್ದುಹೋದ ಊರುಗಳ ನೆನಪು ಮಾತ್ರ ಯಾವ ಬೇಸಿಗೆಯಲ್ಲಿಯೂ ಮೇಲೆ ಬರುವುದಿಲ್ಲ. ಹಳೆಯ ಗಾಯಗಳ ಲೆಕ್ಕ ಮುಗಿಯುವ ಮುನ್ನವೇ ಹೊಸ ಪಾಲುದಾರರು ಬರುತ್ತಾರೆ. 2025ರಲ್ಲಿ ಹಿಡಕಲ್ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಕೊಳವೆ ಮಾರ್ಗದ ವಿರುದ್ಧ ಬೆಳಗಾವಿಯಲ್ಲಿ ರೈತರೂ ನಾಗರಿಕರೂ ಬೀದಿಗಿಳಿಯಬೇಕಾಯಿತು. ಕಾರಣ ಸರಳ: ಹೊಳೆಯ ಕೆಳಗೆ ಬದುಕುವವರನ್ನು ಕೇಳಿ ನೀರಿನ ನಿರ್ಧಾರ ಕೈಗೊಳ್ಳುವ ಪದ್ಧತಿಯೇ ನಮ್ಮಲ್ಲಿ ಬೆಳೆದಿಲ್ಲ.

2019 ಹೇಳಿದ ಪಾಠ

2019ರ ಆಗಸ್ಟ್ ತಿಂಗಳನ್ನು ಈ ಭಾಗದವರು ಯಾರೂ ಮರೆತಿಲ್ಲ. ಘಟ್ಟದಲ್ಲಿ ಸುರಿದ ಮಳೆಗೆ ಹಿಡಕಲ್ ತುಂಬಿತು. ಬಾಗಿಲು ತೆರೆಯದೆ ದಾರಿಯಿರಲಿಲ್ಲ. ಜಲಾಶಯದ ಕೆಳಗೆ ಬಂದು ಕೂಡುವ ಹಿರಣ್ಯಕೇಶಿ ತನ್ನ ಪಾಲನ್ನು ತಂದಳು. ಗೋಕಾಕದ ಬಳಿ ಮಾರ್ಕಂಡೇಯವೂ ತುಂಬಿ ನಿಂತಿತ್ತು. ದೊಡ್ಡ ಹೊಳೆ ದಡ ಮೀರಿ ಹರಿಯುವಾಗ ಸಣ್ಣ ಹೊಳೆಯ ನೀರಿಗೆ ಒಳಗೆ ಸೇರಲು ಜಾಗವಿರುವುದಿಲ್ಲ; ಅದು ಹಿಂದಕ್ಕೆ ಸರಿದು ತಗ್ಗನ್ನು ಹುಡುಕುತ್ತದೆ. ಆ ತಗ್ಗಿನಲ್ಲಿ ಮನೆಗಳಿದ್ದವು. ಲೋಳಸೂರ ಸೇತುವೆ ಮುಳುಗಿತು, ಪೇಟೆಯ ಅಂಚಿನ ಓಣಿಗಳು ಮುಳುಗಿದವು, ಕೆಳಗಿನ ಊರುಗಳ ಕಬ್ಬು, ಗೋವಿನಜೋಳ, ದನದ ಕೊಟ್ಟಿಗೆ ಎಲ್ಲವೂ ನೀರಿನ ಪಾಲಾದವು.

ನೀರು ಇಳಿದ ಎರಡು ತಿಂಗಳಲ್ಲಿ ಗುಡ್ಡವೂ ಮಾತಾಡಿತು. ಅದೇ ವರ್ಷದ ಅಕ್ಟೋಬರ್ ಮಳೆಯಲ್ಲಿ ಗೋಕಾಕದ ನೆತ್ತಿಯ ಮೇಲಿರುವ ಮಲ್ಲಿಕಾರ್ಜುನ ಗುಡ್ಡದ ದೊಡ್ಡ ಬಂಡೆಗಳು ಜಾರುವ ಸ್ಥಿತಿಗೆ ಬಂದು, ಕೆಳಗಿನ ಮನೆಗಳವರು ಜೀವ ಕೈಯಲ್ಲಿ ಹಿಡಿಯಬೇಕಾಯಿತು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಬಂದರು. ಮರಳುಗಲ್ಲು ಸಂದುಸಂದಾಗಿ ಸೀಳುವ ಕಲ್ಲು. ಸಂದಿನ ಮಣ್ಣನ್ನು ಬೇರು ಹಿಡಿದಿರುವವರೆಗೆ ಬಂಡೆ ನಿಲ್ಲುತ್ತದೆ. ಬೇರು ಹೋಗಿ ಮಣ್ಣು ತೊಳೆದರೆ ಬಂಡೆಗೆ ಆಸರೆಯಿಲ್ಲ. ಒಂದೇ ವರ್ಷದಲ್ಲಿ ಒಂದೇ ಊರಿಗೆ ಕೆಳಗಿನಿಂದ ಹೊಳೆ, ಮೇಲಿನಿಂದ ಗುಡ್ಡ. ಇದಕ್ಕಿಂತ ಸ್ಪಷ್ಟವಾದ ಪಾಠವನ್ನು ಯಾವ ಶಾಲೆಯೂ ಹೇಳಲಾರದು.

ಪಾಠವನ್ನು ನಾವು ಕಲಿತೆವೇ? 2021ರಲ್ಲಿ ಮತ್ತೆ ನೆರೆ. 2024ರ ಜುಲೈಯಲ್ಲಿ ಮತ್ತೆ ನೆರೆ. ಪ್ರತಿ ಸಲವೂ ಗಂಜಿ ಕೇಂದ್ರ, ವಿಮಾನ ಸಮೀಕ್ಷೆ, ಮಂತ್ರಿಗಳ ಭೇಟಿ. ಪ್ರತಿ ಸಲವೂ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಸಮಾಧಾನದ ಮಾತು. ಐದು ವರ್ಷದಲ್ಲಿ ಮೂರು ಸಲ ಬಂದದ್ದನ್ನು ನೂರು ವರ್ಷದ್ದೆಂದು ಕರೆಯಲು ಯಾವ ಗಣಿತ ಬೇಕು?

ಗೋಡೆ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು?

ನೆರೆ ಇಳಿದೊಡನೆ ಏಳುವ ಬೇಡಿಕೆ ಒಂದೇ: ತಡೆಗೋಡೆ ಕಟ್ಟಿ. ಈ ಬೇಡಿಕೆ ಇಡುವವರ ಸಂಕಟ ನಮಗೆ ಅರ್ಥವಾಗುತ್ತದೆ. ಹೊಳೆಯ ಅಂಚಿನ ಓಣಿಗಳಲ್ಲಿ ಇರುವವರು ಬಡವರು. ಅವರು ಆ ಜಾಗವನ್ನು ಮೋಜಿಗಾಗಿ ಆರಿಸಿಕೊಂಡವರಲ್ಲ. ಬೇರೆ ಜಾಗ ಕೊಳ್ಳುವ ಶಕ್ತಿಯಿಲ್ಲದೆ ಅಲ್ಲಿ ನಿಂತವರು. ಎದೆಯ ಮಟ್ಟ ನೀರಿನಲ್ಲಿ ಮಕ್ಕಳನ್ನು ಹೊತ್ತು ನಡೆದವರಿಗೆ ‘ಗೋಡೆ ಬೇಡ’ ಎಂದು ದೂರದಲ್ಲಿ ಕುಳಿತು ಉಪದೇಶ ಮಾಡುವುದು ಸುಲಭ.

ಆದರೂ ಕೇಳಲೇಬೇಕಾದ ಪ್ರಶ್ನೆಯಿದೆ. ಪೇಟೆಯ ಅಂಚಿಗೆ ಗೋಡೆ ಕಟ್ಟಿದರೆ ಹೊಳೆಯ ನೀರು ಕಡಿಮೆಯಾಗುವುದೇ? ಒಂದು ಬೊಗಸೆಯೂ ಕಡಿಮೆಯಾಗದು. ಮೊದಲು ಅಗಲವಾಗಿ ಹರಡುತ್ತಿದ್ದ ನೀರು ಇಕ್ಕಟ್ಟಿನಲ್ಲಿ ಎತ್ತರವಾಗಿ, ವೇಗವಾಗಿ ಹರಿಯುತ್ತದೆ. ಗೋಡೆ ಮುಗಿದಲ್ಲಿ ಅದು ತನ್ನ ಅಗಲವನ್ನು ಮತ್ತೆ ಹುಡುಕುತ್ತದೆ. ಗೋಡೆ ಮುಗಿಯುವುದು ಎಲ್ಲಿ? ಗೋಕಾಕದ ಕೆಳಗೆ, ಮೇಲವಂಕಿಯ ಕಡೆಗೆ, ಮೂಡಲಗಿ ತಾಲೂಕಿನ ಹೊಳೆಸಾಲಿನ ಕಡೆಗೆ. ಪೇಟೆಯನ್ನು ಉಳಿಸಲು ಕಟ್ಟಿದ ಗೋಡೆ ಹಳ್ಳಿಗೆ ನೆರೆಯನ್ನು ಕಳಿಸುವ ತೋಡಾಗುತ್ತದೆ. ಪೇಟೆಯ ಬಡವನ ಕಣ್ಣೀರನ್ನು ಹಳ್ಳಿಯ ಬಡವನ ಮನೆಗೆ ವರ್ಗಾಯಿಸುವುದನ್ನು ಶಾಶ್ವತ ಪರಿಹಾರವೆಂದು ಕರೆಯಬೇಕೆ? ಅಷ್ಟೇ ಅಲ್ಲ, ಗೋಡೆಯ ನೆರಳಿನಲ್ಲಿ ‘ಇನ್ನು ಭಯವಿಲ್ಲ’ ಎಂದು ಹೊಸ ನಿವೇಶನಗಳು ಏಳುತ್ತವೆ. ಮಾರ್ಕಂಡೇಯದ ನೀರು, ಓಣಿಯ ಮಳೆನೀರು ಹೊಳೆಗೆ ಹೋಗಲಾರದೆ ಗೋಡೆಯ ಒಳಗೇ ನಿಲ್ಲುತ್ತದೆ.

ಗೋಡೆ ಕಟ್ಟುವುದರಲ್ಲಿ ಜಗತ್ತಿಗೇ ಗುರುವಾದ ದೇಶವೊಂದರ ಅನುಭವವನ್ನು ಇಲ್ಲಿ ನೆನೆಯುವುದು ಸೂಕ್ತ. ನೆದರ್‌ಲ್ಯಾಂಡ್ಸ್‌ನ ಜನ ಶತಮಾನಗಳಿಂದ ಒಡ್ಡು ಕಟ್ಟಿ ಬದುಕಿದವರು. 1993 ಮತ್ತು 1995ರಲ್ಲಿ ಅಲ್ಲಿಯ ನದಿಗಳು ಒಡ್ಡುಗಳ ಮಟ್ಟಕ್ಕೆ ಏರಿ, 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಆ ದೇಶ ಒಡ್ಡನ್ನು ಇನ್ನೂ ಎತ್ತರಿಸುವುದಷ್ಟೇ ಸಾಲದೆಂದು ಕಂಡುಕೊಂಡು, ಮೂವತ್ತಕ್ಕೂ ಹೆಚ್ಚು ಕಡೆ ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಕೈಗೊಂಡಿತು. ನೈಮೇಖೆನ್ ನಗರದ ಎದುರು ದಡದಲ್ಲಿ ವಾಲ್ ನದಿಯ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಅಲ್ಲಿದ್ದ ಮನೆಗಳವರಿಗೆ ಬೇರೆಡೆ ನೆಲೆ ಕೊಡಬೇಕಾಯಿತು. ಅವರಲ್ಲಿರುವಷ್ಟು ಹಣ ನಮ್ಮಲ್ಲಿಲ್ಲ ನಿಜ. ಹಾಗಿದ್ದರೆ, ಅಷ್ಟು ಹಣವಿದ್ದವರೇ ಗೋಡೆಯನ್ನು ನೆಚ್ಚದೆ ಹಿಂದೆ ಸರಿದಾಗ, ಕೈಯಲ್ಲಿ ಕಾಸಿಲ್ಲದ ನಾವು ಗೋಡೆಯನ್ನೇ ನೆಚ್ಚಿ ಕೂರುವುದು ಯಾವ ಜಾಣತನ?

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಸರಕಾರವನ್ನು ಬೈದು ಲೇಖನ ಮುಗಿಸಿದರೆ ಅದು ಅರ್ಧ ಸತ್ಯವಾಗುತ್ತದೆ. ಹೊಳೆಯ ಅಂಚಿನ ಹುಲ್ಲುಗಾವಲು, ಜಾಲಿಯ ಸಾಲು, ಕೆಸರಿನ ಪಟ್ಟಿ ಎಲ್ಲವನ್ನೂ ಕಿತ್ತು ನೀರಿನ ಅಂಚಿನವರೆಗೆ ಕಬ್ಬು ಹಚ್ಚಿದವರು ಯಾರು? ನಾವೇ. ಹಳ್ಳವನ್ನು ಒತ್ತಿ ಹೊಲ ಮಾಡಿದವರು, ಬಾಂದಾರದ ಬಾಯಿ ಮುಚ್ಚಿದವರು, ಮರಳು ತುಂಬಿದ ಟ್ರ್ಯಾಕ್ಟರಿಗೆ ರಾತ್ರಿ ದಾರಿ ಬಿಟ್ಟವರು ನಮ್ಮ ಊರಿನವರೇ. ಕಾಲುವೆಯ ನೀರನ್ನು ಲೆಕ್ಕವಿಲ್ಲದೆ ಹಾಯಿಸಿ ಒಳ್ಳೆಯ ಎರೆಭೂಮಿಯನ್ನು ಸವಳು ಮಾಡಿಕೊಂಡದ್ದು ನಮ್ಮ ಕೈಯಾರೆ. ಅಜ್ಜ ಬಿಳಿಜೋಳ, ಕಡಲೆ ಬೆಳೆದ ನೆಲದಲ್ಲಿ ಇಂದು ಕಬ್ಬಿನ ಹೊರತು ಬೇರೇನನ್ನೂ ಯೋಚಿಸಲಾರದಷ್ಟು ಸಾಲ ನಮ್ಮ ಕೊರಳಿಗೆ ಬಿದ್ದಿದೆ. ಸಾಲ ನಮ್ಮ ತಪ್ಪೊಂದರಿಂದಲೇ ಬಂದದ್ದಲ್ಲ. ಆದರೆ ಹೊಳೆಯ ಎದುರು ನಿಂತಾಗ ‘ನಾನು ನಿರಪರಾಧಿ’ ಎಂದು ಹೇಳುವ ಹಕ್ಕು ನಮಗೂ ಇಲ್ಲ.

ಗುಡ್ಡದ ವಿಷಯವೂ ಹಾಗೆಯೇ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಾವು, ಅದೇ ಎತ್ತು ಮೇಯುತ್ತಿದ್ದ ಗೋಮಾಳ ಕಲ್ಲಿನ ಕ್ವಾರಿಯಾದಾಗ ಸುಮ್ಮನಿದ್ದೆವು. ಕೆಳಗೆ ಘಟಪ್ರಭೆಯ ಬಯಲಿನ ಅಂಚಿಗೆ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ, ಕುರುಚಲು ಕಾಡನ್ನೇ ಉಳಿಸಿ 2016ರಲ್ಲಿ ಚಿಂಕಾರಗಳಿಗಾಗಿ ವನ್ಯಧಾಮ ಮಾಡಿದರು. ಕುರುಚಲು ಕಾಡು ಕಾಡಲ್ಲವೆಂಬ ಭ್ರಮೆಗೆ ಅದು ತಕ್ಕ ಉತ್ತರ. ನಮ್ಮ ಗುಡ್ಡಗಳಲ್ಲಿ ನೀಲಗಿರಿ ನೆಟ್ಟು ‘ಹಸಿರು’ ಎಂದು ಲೆಕ್ಕ ತೋರಿಸುವ ಕಾಲ ಮುಗಿಯಬೇಕು.

ನಾವು ಕೇಳುವುದು

ಮೊದಲನೆಯದಾಗಿ, ಧೂಪದಾಳದಿಂದ ಕೆಳಗೆ ಎರಡೂ ದಡಗಳಲ್ಲಿ 2019ರ ನೀರು ಮುಟ್ಟಿದ ಗೆರೆಯನ್ನು ಅಳೆದು ನಕ್ಷೆ ಮಾಡಬೇಕು. ಅದನ್ನು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಕನ್ನಡದಲ್ಲಿ ತೂಗುಹಾಕಬೇಕು. ಆ ಗೆರೆಯೊಳಗೆ ಹೊಸ ನಿವೇಶನಕ್ಕೆ ಒಪ್ಪಿಗೆ ಕೊಡಕೂಡದು.

ಎರಡನೆಯದಾಗಿ, ಗೆರೆಯೊಳಗಿರುವ ಬಡ ಕುಟುಂಬಗಳಿಗೆ ಊರಿನಿಂದ ಹತ್ತು ಮೈಲಿ ದೂರದ ಬಯಲಿನಲ್ಲಿ ಶೆಡ್ಡು ಹಾಕಿಕೊಟ್ಟರೆ ಸಾಲದು. ಅವರ ಕೆಲಸ, ಮಕ್ಕಳ ಶಾಲೆ ಇರುವಲ್ಲಿಗೆ ಹತ್ತಿರವಾಗಿ, ಹಕ್ಕುಪತ್ರದೊಂದಿಗೆ ಮನೆ ಕೊಡಬೇಕು. ಗೋಡೆಗೆ ಸುರಿಯುವ ಹಣ ಮೊದಲು ಇಲ್ಲಿಗೆ ಬರಲಿ.

ಮೂರನೆಯದಾಗಿ, ಜೂನ್‌ನಿಂದ ಆಗಸ್ಟ್‌ವರೆಗೆ ಹಿಡಕಲ್ ಜಲಾಶಯದ ಮಟ್ಟ ಎಷ್ಟಿರಬೇಕು, ಎಷ್ಟು ನೀರು ಯಾವಾಗ ಬಿಡುತ್ತಾರೆ ಎಂಬ ನಿಯಮ ಜನರಿಗೆ ತಿಳಿಯಬೇಕು. ಬೇಗ ತುಂಬಿಸಿದರೆ ನೆರೆಯ ಭಯ, ತಡವಾಗಿ ತುಂಬಿಸಿದರೆ ಬರದ ಭಯ. ಈ ಇಕ್ಕಟ್ಟು ನಿಜವಾದದ್ದು. ಆದ್ದರಿಂದಲೇ ಅದರ ನಿರ್ಧಾರ ಮುಚ್ಚಿದ ಕೋಣೆಯಲ್ಲಿ ಆಗಬಾರದು. ಮೇಲಿನವರೂ ಕೆಳಗಿನವರೂ ಕುಳಿತು ಮಾತಾಡಬೇಕು.

ನಾಲ್ಕನೆಯದಾಗಿ, ಗೋಕಾಕದ ಸುತ್ತಲಿನ ಇಳಿಜಾರುಗಳಲ್ಲಿ ಕಲ್ಲು ಒಡೆಯುವುದು ನಿಲ್ಲಬೇಕು. ಕೊಣ್ಣೂರಿನ ಕಲ್ಗೋರಿಗಳಿಗೆ, ದಡದ ಗುಡಿಗಳಿಗೆ, ಕೊಳ್ಳಗಳ ಕಾಡಿಗೆ ಒಂದೇ ರಕ್ಷಣೆ ಬೇಕು. ಅವು ಒಂದೇ ಗುಡ್ಡದ ಮಕ್ಕಳು.

ಐದನೆಯದಾಗಿ, ಬೇಸಿಗೆಯಲ್ಲಿ ಬತ್ತಿದ ಬಂಡೆಯ ಮೇಲೆ ಪ್ಲಾಸ್ಟಿಕ್ ಬಾಟಲಿಗಳನ್ನು ನೋಡಲು ನಮಗೆ ಜಲಪಾತ ಬೇಕಿಲ್ಲ. ಹೊಳೆ ಜೀವಂತವಾಗಿರುವಷ್ಟು ನೀರು ವರ್ಷವಿಡೀ ಹೊಳೆಯಲ್ಲಿ ಹರಿಯಲಿ.

ಗುಡ್ಡದ ಊರುಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ವಿದ್ಯಾರ್ಥಿ ಮಿತ್ರರೇ, ಸರಕಾರದ ನಕ್ಷೆ ಬರುವವರೆಗೆ ಕಾಯಬೇಕಿಲ್ಲ. ಈ ಬೇಸಿಗೆಯ ರಜೆಯಲ್ಲಿ ಒಂದು ಡಬ್ಬಿ ನೀಲಿ ಬಣ್ಣ, ಒಂದು ಅಳತೆಪಟ್ಟಿ ಹಿಡಿದು ಹೊರಡಿ. ನಿಮ್ಮೂರಿನ ಹಿರಿಯರನ್ನು ಕರೆದುಕೊಂಡು ಹೋಗಿ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ. ಶಾಲೆಯ ಗೋಡೆಯ ಮೇಲೆ, ಗುಡಿಯ ಕಟ್ಟೆಯ ಮೇಲೆ, ಪಂಚಾಯಿತಿಯ ಕಂಬದ ಮೇಲೆ ಒಂದು ಗೆರೆ ಎಳೆದು ವರ್ಷ ಬರೆಯಿರಿ. ಅಜ್ಜಂದಿರಿಗೆ ಅದಕ್ಕೂ ಹಿಂದಿನ ನೆರೆ ನೆನಪಿದ್ದರೆ ಆ ಗೆರೆಯನ್ನೂ ಎಳೆಯಿರಿ. ನಾಳೆ ಯಾರಾದರೂ ಆ ಗೆರೆಯ ಕೆಳಗೆ ಪ್ಲಾಟು ಮಾರಲು ಬಂದರೆ, ಹುಡುಗರು ಗೋಡೆಯತ್ತ ಬೆರಳು ತೋರಿಸಲಿ.